‘ಬಿದ್ಯಾ’ ಅಂದರೆ ನೋವು

ನನ್ನ ಮಗಳಿಗೆ ಆಟಿಸಂ ಇದೆ. ಈಗ ಅವಳಿಗೆ ಏಳು ವರ್ಷ. ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಅವತ್ತು ಡಾಕ್ಟರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ. "ಯಾವಾಗ ಸರಿ ಹೋಗ್ತಾಳೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಇದು ಬಂದು ಹೋಗುವ ಕಾಯಿಲೆ ಅಲ್ಲ, ಅವಳ ಮಿದುಳು ಬೆಳೆದಿರುವ ರೀತಿಯೇ ಬೇರೆ, ಆದರೆ ಅವಳು ಕಲಿಯುತ್ತಾಳೆ ಅಂದರು. ನನ್ನ ಕಿವಿಗೆ ಬಿದ್ದಿದ್ದು ಮೊದಲರ್ಧ ಮಾತ್ರ.

ಒಂದೂವರೆ ವರ್ಷದಲ್ಲೇ ನಮಗೆ ಅನುಮಾನ ಇತ್ತು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬಾಗಿಲ ಚಿಲಕದ ಮೇಲೆ ಇಡುತ್ತಿದ್ದಳು, ನನ್ನ ಕೈ ಒಂದು ಕೀಲಿಕೈ ಇದ್ದ ಹಾಗೆ. "ಹೆಣ್ಣುಮಗು ಅಲ್ವಾ, ನಾಚಿಕೆ ಜಾಸ್ತಿ" ಅಂದರು ಎಲ್ಲರೂ. ಆ ಮಾತು ಕೇಳಿಕೊಂಡೇ ಒಂದು ವರ್ಷ ಕಳೆದುಬಿಟ್ಟೆವು. ಅನುಮಾನ ಇದ್ದವರು ದಯವಿಟ್ಟು ಹಾಗೆ ಕಾಯಬೇಡಿ. ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಗೊತ್ತಾಗುವುದು ಸಾಮಾನ್ಯ.

ಗೊತ್ತಾದ ಮೇಲೆ ಮಾತುಗಳೆಲ್ಲ ನನ್ನ ಹೆಂಡತಿಯ ಕಡೆ ತಿರುಗಿದವು. ಮಗುವಿನ ಜೊತೆ ಸರಿಯಾಗಿ ಮಾತಾಡಲಿಲ್ಲವಾ? ಎತ್ತಿ ಆಡಿಸಲಿಲ್ಲವಾ? ಅವಳು ಒಬ್ಬಳೇ ಕೂತು ಅಳುತ್ತಿದ್ದಳು. ಇದು ಹಳೆಯ ಆರೋಪ ಅಂತ ನನಗೆ ಆಮೇಲೆ ತಿಳಿಯಿತು. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯ ಹನ್ನೊಂದು ಮಕ್ಕಳ ಬಗ್ಗೆ ಬರೆದು ಆಟಿಸಂಗೆ ಒಂದು ರೂಪ ಕೊಟ್ಟರು. ಅದಾದ ಮೇಲೆ ಎಷ್ಟೋ ವರ್ಷ, ತಾಯಿಯ ಪ್ರೀತಿ ತಣ್ಣಗಿದ್ದದ್ದೇ ಕಾರಣ ಅಂತ ದೊಡ್ಡ ದೊಡ್ಡವರೇ ಹೇಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಅದು ತಪ್ಪು, ಇದರ ಬೇರು ಮಿದುಳಿನಲ್ಲಿದೆ ಅಂತ ಒಂದು ಪುಸ್ತಕ ಬರೆದು ವಾದಿಸಿದರು. ಅವರೂ ಆಟಿಸಂ ಇದ್ದ ಮಗನ ಅಪ್ಪ. ಅದನ್ನು ಓದಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಮಲಗಿದಳು.

ಆ ಮೊದಲ ವರ್ಷ ನಾನು ದೇವರನ್ನು ಬೇಡಿದಷ್ಟು ಜೀವನದಲ್ಲಿ ಯಾವಾಗಲೂ ಬೇಡಿರಲಿಲ್ಲ. ಅವಳನ್ನು ಸರಿ ಮಾಡಪ್ಪಾ, ಅಷ್ಟೇ. ಆ ಹಂಬಲದಲ್ಲೇ, ಆರು ತಿಂಗಳಲ್ಲಿ ಗುಣ ಮಾಡುತ್ತೇವೆ ಅಂದವರೊಬ್ಬರ ಹತ್ತಿರವೂ ಹೋದೆವು. ಆಟಿಸಂ ಅನ್ನು ಗುಣ ಮಾಡುವ ಔಷಧಿ ಇಲ್ಲ. ಹೋದದ್ದು ಬರೀ ದುಡ್ಡಲ್ಲ, ಆ ಆರು ತಿಂಗಳು ಅವಳು ಹೇಳುತ್ತಿದ್ದುದನ್ನು ನಾವು ಕೇಳಲೇ ಇಲ್ಲ.

ನಾನು ಬದಲಾಗಿದ್ದು ಒಂದು ಟ್ಯೂಬ್‌ಲೈಟಿನಿಂದ.

ಆಗ ಅವಳಿಗೆ ಮೂರೂವರೆ. ಪ್ರತಿ ಸಂಜೆ ಒಂದೇ ಹೊತ್ತಿಗೆ ಚೀರುತ್ತಿದ್ದಳು. ಕಿವಿ ಮುಚ್ಚಿಕೊಂಡು ನೆಲಕ್ಕೆ ತಲೆ ಬಡಿಯುತ್ತಿದ್ದಳು. ಹಟ ಅಂದುಕೊಂಡು ಗದರಿದ್ದೇನೆ. ಒಂದೆರಡು ಸಲ ಹೊಡೆದೂ ಇದ್ದೇನೆ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಥೆರಪಿಸ್ಟ್ ಒಂದು ನೋಟ್‌ಬುಕ್ ಇಡಲು ಹೇಳಿದರು. ಮೂರು ಕಾಲಂ: ಚೀರುವ ಮೊದಲು ಏನಾಯ್ತು, ಅವಳು ಏನು ಮಾಡಿದಳು, ಆಮೇಲೆ ಏನಾಯ್ತು. ಸುಮ್ನೆ ಬರೆಯಿರಿ, ಕಾರಣ ಹುಡುಕಬೇಡಿ ಅಂದರು. ಮೂರು ವಾರ ಬರೆದೆ. ಆಮೇಲೆ ಒಟ್ಟಿಗೆ ಓದಿದಾಗ, ಮೊದಲ ಕಾಲಂನಲ್ಲಿ ಒಂದೇ ಮಾತು ಮತ್ತೆ ಮತ್ತೆ ಇತ್ತು: ಲೈಟ್ ಹಾಕಿದೆ.

ಮಾರನೇ ದಿನ ಅವಳನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು, ಲೈಟ್ ಹಾಕಿ, ಅದರ ಕೆಳಗೆ ಕಣ್ಣು ಮುಚ್ಚಿ ಕೂತೆ. ಎರಡು ನಿಮಿಷ ಆದ ಮೇಲೆ ಕೇಳಿಸಿತು. ಗುಂಯ್ ಅನ್ನುವ ಸಣ್ಣ ಸದ್ದು. ಹಳೆ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ ಸುಮಾರು 100 ಸಲ ಮಿನುಗುತ್ತದೆ ಕೂಡ. ನನ್ನ ಮಿದುಳು ಅದನ್ನು ಬದಿಗೆ ತಳ್ಳಿಬಿಡುತ್ತದೆ. ಅವಳದ್ದು ತಳ್ಳುವುದಿಲ್ಲ. ಸದ್ದು, ಬೆಳಕು, ಸ್ಪರ್ಶ ಹೀಗೆ ಅತಿಯಾಗಿ ತಾಗುವುದನ್ನು 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯದ ಕೈಪಿಡಿ, ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದೆ. ಅವತ್ತೇ ಆ ಲೈಟ್ ತೆಗೆಸಿದೆ. ಮಾರನೇ ಸಂಜೆ ಅವಳು ಅದೇ ಕೋಣೆಯಲ್ಲಿ ಕೂತು ಬಟನ್‌ಗಳನ್ನು ಸಾಲಾಗಿ ಜೋಡಿಸಿದಳು. ನಾನು ಬಾಗಿಲಲ್ಲೇ ನಿಂತು ಅತ್ತೆ.

ಅವಳು ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದಳು. ನಾನು ನಂಬಿರಲಿಲ್ಲ.

ಅಲ್ಲಿಂದ ನನ್ನ ಪ್ರಾರ್ಥನೆ ಬದಲಾಯಿತು. ಅವಳು ಹೇಳುವುದು ನನಗೆ ಕೇಳಿಸಲಿ ಅಂತ ಬೇಡಿಕೊಳ್ಳತೊಡಗಿದೆ. ಈಗಲೂ ಅದೇ.

ಚಿತ್ರದ ಕಾರ್ಡ್ ಶುರು ಮಾಡಿದ್ದು ಅದಾದ ಮೇಲೆ. 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ಎಂಬ ವಿಧಾನ: ಮಗು ಬೇಕಾದ್ದರ ಚಿತ್ರ ಕೊಟ್ಟು ಅದನ್ನು ಕೇಳುವುದು. ಕಾರ್ಡ್ ಕೊಟ್ಟರೆ ಮಾತೇ ಬರುವುದಿಲ್ಲವೇನೋ ಅಂತ ನನಗೆ ಭಯ ಇತ್ತು. ಕಾರ್ಡ್ ಮಾತನ್ನು ತಡೆಯುವುದಿಲ್ಲ, ಎಷ್ಟೋ ಮಕ್ಕಳಿಗೆ ಸಹಾಯವೇ ಆಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ನಾವು ಮಾಡಿದ್ದು ಹೀಗೆ. ಅವಳ ಲೋಟ, ಅವಳ ಚೆಂಡು, ಅವಳ ಚಪ್ಪಲಿಯ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸಿದೆವು. ನಾನು ಚೆಂಡು ಹಿಡಿದು ಎದುರಿಗೆ ಕೂರುತ್ತಿದ್ದೆ. ಹೆಂಡತಿ ಅವಳ ಹಿಂದೆ ಕೂರುತ್ತಿದ್ದಳು. ಮಗಳು ಚೆಂಡಿಗೆ ಕೈ ಚಾಚಿದ ಕೂಡಲೇ ಹೆಂಡತಿ ಹಿಂದಿನಿಂದ ಮಾತಿಲ್ಲದೆ ಅವಳ ಕೈಯಿಂದ ಕಾರ್ಡ್ ಎತ್ತಿಸಿ ನನ್ನ ಅಂಗೈಗೆ ಇಡಿಸುತ್ತಿದ್ದಳು. ನಾನು "ಚೆಂಡು!" ಅಂದು ಆ ಕ್ಷಣವೇ ಕೊಡುತ್ತಿದ್ದೆ. ತಡ ಮಾಡಬಾರದು. ಏನು ಬೇಕು ಅಂತ ಮೊದಲೇ ಕೇಳಲೂಬಾರದು, ಕೇಳಿದರೆ ಮಗು ನಮ್ಮ ಪ್ರಶ್ನೆಗೇ ಕಾಯುತ್ತದೆ. ಹನ್ನೊಂದನೇ ದಿನ ನಾನು ಬೇರೇನೋ ಕೆಲಸದಲ್ಲಿದ್ದೆ. ಅವಳೇ ಎದ್ದು ಬಂದು ಚಪ್ಪಲಿಯ ಕಾರ್ಡನ್ನು ನನ್ನ ಕೈಗಿಟ್ಟಳು. ಹೊರಗೆ ಮಳೆ. ಆದರೂ ಕರೆದುಕೊಂಡು ಹೋದೆ.

ಇಂಥ ಮಕ್ಕಳಿಗೆ ಪ್ರೀತಿ ಗೊತ್ತಾಗುವುದಿಲ್ಲ ಅನ್ನುವವರಿದ್ದಾರೆ. ನನ್ನ ಮಗಳು ಎದುರಿನಿಂದ ಅಪ್ಪಿಕೊಳ್ಳುವುದಿಲ್ಲ. ಮೆಲ್ಲಗೆ ಸವರಿದರೆ ಮೈ ಕುಗ್ಗಿಸುತ್ತಾಳೆ. ಆದರೆ ಹಿಂದಕ್ಕೆ ಹಿಂದಕ್ಕೆ ನಡೆದು ಬಂದು ನನ್ನ ಮಡಿಲಲ್ಲಿ ಬೆನ್ನು ಕೊಟ್ಟು ಕೂತು, ನನ್ನ ಎರಡೂ ಕೈ ಎಳೆದು ಗಟ್ಟಿಯಾಗಿ ಒತ್ತಿಕೊಳ್ಳುತ್ತಾಳೆ. ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್‌ಗೂ ಆಟಿಸಂ ಇದೆ. ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟಿನಲ್ಲಿ ಅವು ಶಾಂತವಾಗುವುದನ್ನು ನೋಡಿ, ಅವರು ಹದಿನೆಂಟರ ಸುಮಾರಿಗೆ ತಮಗಾಗಿ ಅಂಥದ್ದೇ ಒಂದನ್ನು ಮಾಡಿಕೊಂಡಿದ್ದರು. ನನ್ನ ಮಗಳಿಗೆ ಆ ಚೌಕಟ್ಟು ನಾನು. ಅದಕ್ಕಿಂತ ದೊಡ್ಡ ಪ್ರೀತಿ ನನಗೆ ಬೇಕಿಲ್ಲ.

ಮಾತು ಬಂತು, ಆದರೆ ನಮ್ಮದೇ ಮಾತಿನ ಪ್ರತಿಧ್ವನಿಯಾಗಿ. ನೀರು ಬೇಕಿದ್ದರೆ "ನೀರು ಬೇಕಾ?" ಅನ್ನುತ್ತಾಳೆ, ನಾವು ಕೇಳುವ ರಾಗದಲ್ಲೇ. ಇದಕ್ಕೆ ಎಕೋಲಾಲಿಯಾ ಅನ್ನುತ್ತಾರೆ. ಮೊದಲು ನಾನು ತಿದ್ದುತ್ತಿದ್ದೆ, ಅವಳು ಬಾಯಿ ಮುಚ್ಚಿಬಿಡುತ್ತಿದ್ದಳು. ಈಗ ಅವಳ ಬದಿಯಿಂದ ನಾನೇ "ನೀರು ಬೇಕು" ಅಂದು ಲೋಟ ಕೊಡುತ್ತೇನೆ.

ನಾಲ್ಕನೇ ವರ್ಷದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಬಿದ್ಯಾ? ಬಿದ್ಯಾ?" ಅನ್ನತೊಡಗಿದಳು. ಅವಳು ಎಲ್ಲೂ ಬಿದ್ದಿರಲಿಲ್ಲ, ಮಲಗಿದ್ದಳು. ಹಿಂದೆ ಆಗಿದ್ದರೆ ಸುಮ್ನೆ ಏನೋ ಬಡಬಡಿಸುತ್ತಾಳೆ ಅಂದುಕೊಂಡು ತಟ್ಟಿ ಮಲಗಿಸುತ್ತಿದ್ದೆ. ಆ ರಾತ್ರಿ ಲೈಟ್ ನೆನಪಾಯಿತು. ಅವಳು ಬಿದ್ದಾಗಲೆಲ್ಲ ನಾನು ಓಡಿ ಹೋಗಿ "ಬಿದ್ಯಾ ಪುಟ್ಟಾ?" ಅನ್ನುತ್ತಿದ್ದೆ. ನೋವಾದಾಗ ಅವಳ ಕಿವಿಗೆ ಬೀಳುತ್ತಿದ್ದ ಮಾತು ಅದೊಂದೇ. ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋದೆವು. ಬಲಗಿವಿಯಲ್ಲಿ ಸೋಂಕಾಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ‘ಬಿದ್ಯಾ’ ಅಂದರೆ ನೋವು. ಎಲ್ಲಿ ನೋವು ಅಂತ ತೋರಿಸಲು ಒಂದು ದೇಹದ ಚಿತ್ರ ಮಾಡಿ ಗೋಡೆಗೆ ಅಂಟಿಸಿದೆವು. ದಿನಾ ಸ್ನಾನ ಮಾಡಿಸುವಾಗ ಕಿವಿ, ಹೊಟ್ಟೆ, ಮೊಣಕಾಲು ಅಂತ ಮುಟ್ಟಿ ಹೇಳುತ್ತಾ ಬಂದೆ. ಮೂರು ವರ್ಷ ಹೇಳಿದೆ. ಅವಳು ಒಮ್ಮೆಯೂ ತಿರುಗಿ ಹೇಳಲಿಲ್ಲ. ನಾನು ನಿಲ್ಲಿಸಲಿಲ್ಲ.

ಹೋದ ತಿಂಗಳು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬ್ರಷ್ ಕೆಳಗಿಟ್ಟು ನನ್ನ ಹತ್ತಿರ ಬಂದಳು. ಎದುರಿನಿಂದಲೇ ಬಂದಳು. ಬಾಯಿ ತೆರೆದು, ಒಳಗೆ ಬೆರಳಿಟ್ಟು, "ಬಿದ್ಯಾ. ಹಲ್ಲು" ಅಂದಳು.

ಮುಂದಿನ ಹಾಲುಹಲ್ಲು ಒಂದು ಅಲ್ಲಾಡುತ್ತಿತ್ತು. "ಹೂಂ ಪುಟ್ಟಾ, ಹಲ್ಲು ನೋವು" ಅಂದೆ. ಎರಡು ದಿನದಲ್ಲಿ ಅದು ಬಿತ್ತು.