ಕ್ಯಾಲಿಫೋರ್ನಿಯಾದಲ್ಲಿ ನನ್ನ ಡಿಯುಐ ಕೇಸನ್ನು ನಾನೇ ವಜಾ ಮಾಡಿಸಿಕೊಂಡ ಬಗೆ

ಡಿಯುಐ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸು, ಕ್ಯಾಲಿಫೋರ್ನಿಯಾದ ದಾಖಲೆಯಿಂದ ಪೂರ್ತಿ ಮಾಯವಾಗುವುದಿಲ್ಲ. ಪೀನಲ್ ಕೋಡ್ 1203.4ರಡಿ ಅರ್ಜಿ ಹಾಕಿದರೆ, ನೀವು ಹಿಂದೆ ಕೊಟ್ಟಿದ್ದ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ಕೋರ್ಟು ಬಿಡುತ್ತದೆ, ಆಮೇಲೆ ಕೇಸನ್ನು ವಜಾ ಮಾಡುತ್ತದೆ. ದಾಖಲೆ ಇದ್ದಲ್ಲೇ ಇರುತ್ತದೆ, ಅದರ ಕೊನೆಗೆ ‘ವಜಾ’ ಎಂಬ ಒಂದು ಸಾಲು ಸೇರುತ್ತದೆ, ಅಷ್ಟೆ. ಕೆಲಸ ಹುಡುಕುವವರಿಗೆ ಆ ಸಾಲಿನಿಂದ ತುಂಬಾ ಉಪಯೋಗವಿದೆ. ವೀಸಾ ಮೇಲಿರುವವರಿಗೆ ಬಹಳ ಕಡಿಮೆ. ಎರಡೂ ಗೊತ್ತಿದ್ದೇ ನಾನು ಇದಕ್ಕೆ ಕೈಹಾಕಿದೆ, ವಕೀಲರನ್ನು ಇಟ್ಟುಕೊಳ್ಳಲಿಲ್ಲ.

ನನ್ನ ಮೇಲಿದ್ದದ್ದು ವೆಹಿಕಲ್ ಕೋಡ್ 23152(ಬಿ), ಅಂದರೆ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಅಥವಾ ಅದಕ್ಕಿಂತ ಹೆಚ್ಚು. ಮೊದಲ ಸಲ, ಯಾರಿಗೂ ಗಾಯವಾಗಿರಲಿಲ್ಲ, ಆದ್ದರಿಂದ ಮಿಸ್‌ಡಿಮೀನರ್, ಅಂದರೆ ಸಣ್ಣ ದರ್ಜೆಯ ಅಪರಾಧ. ದಂಡ, ಡಿಯುಐ ತರಗತಿ, 3 ವರ್ಷದ ಪ್ರೊಬೇಷನ್ (ಕೋರ್ಟಿನ ಷರತ್ತುಗಳನ್ನು ಪಾಲಿಸಿಕೊಂಡು ಹೊರಗಿರುವ ಅವಧಿ). ಸಣ್ಣಪುಟ್ಟ ಅಪರಾಧಗಳ ಪ್ರೊಬೇಷನ್ನನ್ನು 2021ರಿಂದ ಸಾಮಾನ್ಯವಾಗಿ 1 ವರ್ಷಕ್ಕೆ ಇಳಿಸಿದ್ದಾರೆ. ಡಿಯುಐಗೆ ಆ ರಿಯಾಯಿತಿ ಸಿಗುವುದಿಲ್ಲ, ಇಲ್ಲಿ 3ರಿಂದ 5 ವರ್ಷವೇ. ಅವಧಿಗೆ ಮುಂಚೆ ಮುಗಿಸಿಕೊಡಿ ಎಂದು 1203.3ರಡಿ ಕೇಳಿಕೊಳ್ಳಬಹುದು. ನಾನು ಪೂರ್ತಿ ಮುಗಿಯಲಿ ಎಂದು ಕಾದೆ. ಪ್ರೊಬೇಷನ್ ಚೊಕ್ಕವಾಗಿ ಮುಗಿದಿದ್ದರೆ ಕೋರ್ಟಿಗೆ ವಿವರಿಸಬೇಕಾದ ವಿಷಯ ಒಂದು ಕಡಿಮೆಯಾಗುತ್ತದೆ.

ಅರ್ಜಿ ಬರೆಯುವ ಮೊದಲು ನನ್ನ ಬಗ್ಗೆ ಸರ್ಕಾರದ ಬಳಿ ಏನಿದೆ ಎಂದು ನೋಡಿದೆ. ಲೈವ್ ಸ್ಕ್ಯಾನ್‌ನಲ್ಲಿ ಬೆರಳಚ್ಚು ಕೊಟ್ಟು ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಜಸ್ಟಿಸ್‌ನಿಂದ ನಮ್ಮ ದಾಖಲೆಯನ್ನು ನಾವೇ ತರಿಸಿಕೊಳ್ಳಬಹುದು. ಅವರ ಶುಲ್ಕ 25 ಡಾಲರ್, ಬೆರಳಚ್ಚು ತೆಗೆಯುವವರದ್ದು ಬೇರೆ. ಕೋರ್ಟಿನಿಂದ ಕೇಸಿನ ಪಟ್ಟಿಯನ್ನೂ ತೆಗೆಸಿಕೊಂಡೆ. ಕೇಸ್ ನಂಬರು, ಸೆಕ್ಷನ್ನು, ಶಿಕ್ಷೆಯ ದಿನಾಂಕ ಇವೆಲ್ಲ ಎರಡೂ ಕಡೆ ಹೊಂದುತ್ತವೆಯೇ ಎಂದು ತಾಳೆ ನೋಡಿದೆ. ಬೇಸರದ ಕೆಲಸ, ಆದರೆ ಅರ್ಜಿಯ ಅರ್ಧ ಭಾಗ ಈ ವಿವರಗಳೇ.

ಅರ್ಜಿ ನಮೂನೆ ಸಿಆರ್-180. ನ್ಯಾಯಾಧೀಶರು ಸಹಿ ಹಾಕಬೇಕಾದ ಆದೇಶ ಸಿಆರ್-181, ಅದನ್ನೂ ನಾವೇ ತುಂಬಿ ಜೊತೆಗೆ ಕೊಡುವುದು. ಇಲ್ಲಿ ಡಿಯುಐಯವರು ಕಣ್ಣಿಟ್ಟು ನೋಡಬೇಕಾದ ಒಂದು ಗಂಟಿದೆ. ಬೇರೆ ಎಷ್ಟೋ ಕೇಸುಗಳಲ್ಲಿ ಪ್ರೊಬೇಷನ್ ಸರಿಯಾಗಿ ಮುಗಿಸಿದ್ದರೆ ಕೋರ್ಟು ವಜಾ ಮಾಡಲೇಬೇಕು, ಅದು ನಮ್ಮ ಹಕ್ಕು. ವೆಹಿಕಲ್ ಕೋಡ್ 12810ರಲ್ಲಿ ಪಟ್ಟಿ ಮಾಡಿದ ವಾಹನ ಅಪರಾಧಗಳಿಗೆ ಆ ಹಕ್ಕಿಲ್ಲ, ಡಿಯುಐ ಆ ಪಟ್ಟಿಯಲ್ಲಿದೆ. ‘ನ್ಯಾಯದ ಹಿತದೃಷ್ಟಿಯಿಂದ’ ಸರಿ ಎನಿಸಿದರೆ ಮಾತ್ರ ನ್ಯಾಯಾಧೀಶರು ಕೊಡಬಹುದು, ಕೊಡದೆಯೂ ಇರಬಹುದು. ಹಾಗಾಗಿ ಬರೀ ಚೌಕಗಳಿಗೆ ಟಿಕ್ ಹಾಕಿ ಕೊಟ್ಟರೆ ಸಾಲದು, ಯಾಕೆ ಕೊಡಬೇಕು ಎನ್ನುವುದನ್ನು ಡಿಕ್ಲರೇಷನ್‌ನಲ್ಲಿ, ಅಂದರೆ ಸಹಿ ಮಾಡಿದ ಲಿಖಿತ ಹೇಳಿಕೆಯಲ್ಲಿ, ಬರೆದು ಲಗತ್ತಿಸಬೇಕು. ನನ್ನ ಸಮಯವೆಲ್ಲ ಹೋದದ್ದು ಇದಕ್ಕೇ.

ಗೆಳೆಯನೊಬ್ಬ, ‘ಜಡ್ಜ್ ಕರಗೋ ಹಾಗೆ ಬರಿ ಮಾರಾಯ’ ಅಂದ. ಜಡ್ಜ್ ದಿನಾ ಇಂಥ ಪತ್ರಗಳನ್ನು ಓದುವವರು, ಕರಗುವುದಕ್ಕೆ ಅವರಿಗೆ ಪುರುಸೊತ್ತೆಲ್ಲಿದೆ! ವಿಷಾದದ ಮಾತು ಒಂದೇ ವಾಕ್ಯಕ್ಕೆ ನಿಲ್ಲಿಸಿದೆ. ಉಳಿದದ್ದೆಲ್ಲ ಪರಿಶೀಲಿಸಿ ನೋಡಬಹುದಾದ ಸಂಗತಿಗಳು: ದಂಡ ಕಟ್ಟಿದ ರಸೀದಿ, ತರಗತಿ ಮುಗಿಸಿದ ಪ್ರಮಾಣಪತ್ರ, ಆಮೇಲೆ ಒಂದೂ ಟ್ರಾಫಿಕ್ ಕೇಸಿಲ್ಲ ಎಂದು ತೋರಿಸುವ ಡಿಎಂವಿ (ರಾಜ್ಯದ ವಾಹನ ಇಲಾಖೆ) ದಾಖಲೆ, ನನ್ನನ್ನು ಕೆಲಸದಲ್ಲಿ ಕಂಡವರ ಪತ್ರ. ಮುಖ್ಯವಾಗಿ, ಈ ದಾಖಲೆಯಿಂದ ಈಗ ಏನು ನಿಂತಿದೆ ಎನ್ನುವುದು. ಹಿನ್ನೆಲೆ ತಪಾಸಣೆಯ ಹಂತದಲ್ಲಿ ತಡೆಹಿಡಿದ ಒಂದು ಉದ್ಯೋಗದ ವಿಷಯವನ್ನು ಪತ್ರದ ಪ್ರತಿ ಸಮೇತ ಇಟ್ಟೆ. ‘ನನಗೆ ಒಳ್ಳೆಯದಾಗುತ್ತದೆ’ ಎನ್ನುವುದಕ್ಕಿಂತ ‘ಇದು ಇಲ್ಲಿ ಅಡ್ಡಿಯಾಗಿದೆ’ ಎಂದು ತೋರಿಸುವುದು ಗಟ್ಟಿ.

ಪ್ರಾಸಿಕ್ಯೂಟರ್ ಕಚೇರಿಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಹೋಗಿರಬೇಕು, ಅದಿಲ್ಲದೆ ಆದೇಶವಿಲ್ಲ. ನೋಟಿಸನ್ನು ಕೋರ್ಟೇ ಕಳಿಸುತ್ತದೋ ನಾವು ಕಳಿಸಬೇಕೋ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರಿನವರು ನಮೂನೆ ಸರಿಯಿದೆಯೇ ಎಂದು ಪುಕ್ಕಟೆ ನೋಡಿಕೊಡುತ್ತಾರೆ, ಏನು ಬರೆಯಬೇಕೆಂದು ಮಾತ್ರ ಹೇಳುವುದಿಲ್ಲ. ವಿಚಾರಣೆ ಬೇಗ ಮುಗಿಯಿತು. ಪ್ರಾಸಿಕ್ಯೂಟರ್ ಆಕ್ಷೇಪ ಎತ್ತಲಿಲ್ಲ, ನ್ಯಾಯಾಧೀಶರು ಕೆಲಸದ ಬಗ್ಗೆ ಕೇಳಿದರು, ಸಹಿ ಹಾಕಿದರು. ಆದೇಶದ ಸರ್ಟಿಫೈಡ್ ಪ್ರತಿಗಳನ್ನು ಅಲ್ಲೇ ಒಂದಕ್ಕಿಂತ ಹೆಚ್ಚು ತೆಗೆಸಿಟ್ಟುಕೊಂಡೆ.

ಈಗ ಇದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎನ್ನುವ ಮಾತು. ಕ್ಯಾಲಿಫೋರ್ನಿಯಾದ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಹೀಗೆ ವಜಾ ಆದ ಕೇಸನ್ನು ಕೇಳುವಂತಿಲ್ಲ, ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸರ್ಕಾರಿ ಲೈಸೆನ್ಸಿನ ಅರ್ಜಿಯಲ್ಲಿ ನೇರವಾಗಿ ಕೇಳಿದ್ದರೆ ಹೇಳಲೇಬೇಕು. ಡಿಎಂವಿಗೆ ಈ ಆದೇಶದಿಂದ ಏನೂ ಬದಲಾಗದು: ಅಲ್ಲಿ ಡಿಯುಐ 10 ವರ್ಷ ಕೂತಿರುತ್ತದೆ. ಆ 10 ವರ್ಷದೊಳಗೆ ಇನ್ನೊಂದಾದರೆ ವಜಾ ಆಗಿದ್ದರೂ ಅದು ಎರಡನೆಯ ಡಿಯುಐಯೇ.

ಎಚ್-1ಬಿ, ಗ್ರೀನ್ ಕಾರ್ಡಿನ ನಮ್ಮವರು ಎಡವುವುದು ಮುಂದಿನದ್ದರಲ್ಲಿ. ಇಮಿಗ್ರೇಷನ್ ಫೆಡರಲ್ ಕಾನೂನು. ಒಮ್ಮೆ ತಪ್ಪೊಪ್ಪಿಕೊಂಡು ಶಿಕ್ಷೆಯಾಗಿದ್ದರೆ, ರಾಜ್ಯ ಆಮೇಲೆ ವಜಾ ಮಾಡಿದ್ದರೂ ಅವರ ಲೆಕ್ಕದಲ್ಲಿ ಅದು ಶಿಕ್ಷೆಯೇ. ವೀಸಾ ಅರ್ಜಿಯ ಡಿಎಸ್-160ರಲ್ಲೂ ಪೌರತ್ವದ ಎನ್-400ರಲ್ಲೂ ಬಂಧನದ ಪ್ರಶ್ನೆಗೆ ‘ಹೌದು’ ಎಂದೇ ಬರೆದು ಕಾಗದ ಲಗತ್ತಿಸಬೇಕು. ಬಂಧನವಷ್ಟೇ ಆಗಿದ್ದರೂ ವೀಸಾ ಸ್ಟಾಂಪು ರದ್ದಾಗಬಹುದು. ಪೌರತ್ವದ ಅರ್ಜಿಯಲ್ಲಿ ಲೆಕ್ಕಕ್ಕೆ ಬರುವ ಅವಧಿಯೊಳಗೆ ಎರಡು ಡಿಯುಐ ಇದ್ದರೆ ಸನ್ನಡತೆಯಿಲ್ಲ ಎಂದೇ ಮೊದಲು ಭಾವಿಸುತ್ತಾರೆ. 2019ರ ಅಟಾರ್ನಿ ಜನರಲ್ ತೀರ್ಪು ಅದು. ವೀಸಾ ಮೇಲಿದ್ದರೆ ವಕೀಲರಿಗೆ ಕೊಡುವ ದುಡ್ಡನ್ನು ಇಲ್ಲಿ ಉಳಿಸಲು ಹೋಗಬೇಡಿ, ಅದೂ ಕೇಸು ನಡೆಯುತ್ತಿರುವಾಗಲೇ, ತಪ್ಪೊಪ್ಪಿಗೆಗೆ ಮುಂಚೆಯೇ.

ಆದೇಶ ಬಂದಮೇಲೂ ಖಾಸಗಿ ತಪಾಸಣೆ ಕಂಪನಿಗಳ ಬಳಿ ಹಳೆಯ ಮಾಹಿತಿಯೇ ಉಳಿದಿರಬಹುದು. ನನ್ನ ವರದಿಯಲ್ಲಿ ಉಳಿದಿತ್ತು. ಫೆಡರಲ್ ಕಾನೂನಿನ ಪ್ರಕಾರ ನಾವು ಲಿಖಿತವಾಗಿ ತಕರಾರು ಸಲ್ಲಿಸಿದರೆ ಅವರು ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು. ಸಿಆರ್-181ರ ಪ್ರತಿ ಕಳಿಸಿದೆ, ತಿದ್ದಿದ ವರದಿ ಬಂತು.