ನವೆಂಬರಿಗೆ ಕಟ್ಟಿಗೆ ಒಟ್ಟಿಕೊಳ್ಳಿ

ನಾನು ರಜೆಗೆ ಶಿರಸಿಗೆ ಬಂದ ಸುದ್ದಿ ತಿಳಿದರೆ ಜರ್ಮನಿಗೆ ಹೊರಟವರು ಯಾರಾದರೂ ಜಗುಲಿಗೆ ಬಂದು ಕೂರುತ್ತಾರೆ. ಈ ಸಲ ಕುಮಟಾದ ಹುಡುಗನೊಬ್ಬ, ಕಾರವಾರದ ಗಂಡಹೆಂಡತಿ. ಬಾಡಿಗೆ ಎಷ್ಟು, ಕುಕ್ಕರ್ ಒಯ್ಯಬೇಕೇ ಎಂದೆಲ್ಲ ಕೇಳಿದರು. ಯಾರೂ ಕೇಳದಿದ್ದ ನವೆಂಬರಿನ ವಿಷಯವನ್ನು ನಾನೇ ತೆಗೆದೆ.

ಮೊದಲೆರಡು ತಿಂಗಳು ಕುಗ್ಗಲು ಪುರುಸೊತ್ತೇ ಇರುವುದಿಲ್ಲ. ಮನೆಗೆ ಸೇರಿದ 2 ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ನಮ್ಮೂರಲ್ಲಿ ಮನೆತನದ ಹೆಸರು ಹೇಳಿದರೆ ಪೋಸ್ಟಿನವನು ತೋಟ ದಾಟಿ ಬಂದು ಕೊಡುತ್ತಾನೆ. ಅಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್. ನನ್ನ ತೆರಿಗೆ ಸಂಖ್ಯೆಯ ಪತ್ರ ಹಾಗೆಯೇ ಹಿಂದಿರುಗಿತ್ತು.

ಪೆಟ್ಟು ಬೀಳುವುದು ಆಮೇಲೆ. ಮ್ಯೂನಿಕ್‌ನ ನನ್ನ ಮೊದಲ ವರ್ಷ, ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದವು. ಅಲ್ಲಿಯವರೆಗೆ ಸಂಜೆ ಐದೂವರೆಗೆ ಟ್ರಾಮ್ ಕಾಯುತ್ತ ಫೋನು ಮಾಡಿದರೆ ಊರಿನಲ್ಲಿ ರಾತ್ರಿ ಒಂಬತ್ತು. ಆಯಿ (ಅಮ್ಮ) ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ತಮಾ, ಆಸರಿಗೆ ಕುಡಿದೆಯಾ?" ಎಂದು ಚಹಾ-ಕಾಫಿ ವಿಚಾರಿಸುತ್ತಿದ್ದಳು. ಮರುದಿನದಿಂದ ಅದೇ ಐದೂವರೆಗೆ ಊರಿನಲ್ಲಿ ಹತ್ತು. ಆಯಿ ದೀಪ ಆರಿಸಿ ಮಲಗಿರುತ್ತಿದ್ದಳು. ಒಂದು ಗಂಟೆ ಏನು ಮಹಾ ಎನ್ನಬಹುದು. ನನಗೆ ಆ ವಾರ ಊಟ ಸೇರಲಿಲ್ಲ.

ಕತ್ತಲು ನಮಗೆ ಹೊಸದಲ್ಲ. ಆಷಾಢದಲ್ಲಿ ಶಿರಸಿಯಲ್ಲೂ ಸೂರ್ಯ ಕಾಣುವುದಿಲ್ಲ. ಆದರೆ ಮಳೆಯ ಕತ್ತಲಲ್ಲಿ ಮನೆಮಂದಿಯೆಲ್ಲ ಒಂದೇ ಒಲೆಯ ಸುತ್ತ ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಿರುತ್ತಾರೆ. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಹೊತ್ತು ಮುಳುಗುತ್ತದೆ, ಕೋಣೆಯಲ್ಲಿ ನೀವೊಬ್ಬರೇ. "ಕೆಲಸ ಬಿಟ್ಟು ಬಂದುಬಿಡಲೇ" ಎಂಬ ಯೋಚನೆ ಆಗಲೇ ಬರುವುದು. ಬಂದರೆ ಬರಲಿ, ತೀರ್ಮಾನವನ್ನು ಮಾತ್ರ ಮಾರ್ಚಿಗೆ ಮುಂದೂಡಿ. ನಿದ್ದೆ ಕೆಟ್ಟು, ಏನೂ ಬೇಡವೆನಿಸುವುದು ಎರಡು ವಾರ ದಾಟಿದರೆ ವೈದ್ಯರಲ್ಲಿಗೆ ಹೋಗಿ, ನಾಚಿಕೆ ಬೇಡ. ಅಲ್ಲಿನ ಸಹಾಯವಾಣಿ 0800 1110111ಕ್ಕೆ ರಾತ್ರಿ ಎರಡು ಗಂಟೆಗೂ ಉಚಿತವಾಗಿ ಕರೆ ಮಾಡಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬಹುದು.

ಮೇ ಮುಗಿಯುವುದರೊಳಗೆ ನಾವು ಕಟ್ಟಿಗೆ ಒಟ್ಟಿ, ಮಿಡಿ ಉಪ್ಪಿಗೆ ಹಾಕಿ ಮುಗಿಸುವುದಿಲ್ಲವೇ? ಹಾಗೆಯೇ ಸೆಪ್ಟೆಂಬರಿನಲ್ಲೇ ವಾರಕ್ಕೊಂದು ಸಂಜೆ ಹೋಗಿ ಕೂರಲು ಒಂದು ಜಾಗ ಹುಡುಕಿಕೊಳ್ಳಿ. ಭಾಷೆಯ ತರಗತಿಯಾದರೂ ಸರಿ, ಬ್ಯಾಡ್ಮಿಂಟನ್ ಆದರೂ ಸರಿ. ಕನ್ನಡದವರ ಕೂಟಕ್ಕೂ ಹೋಗಿ. ಅದೊಂದೇ ಸಾಲದು, ನಾವು ಸೇರಿದರೆ ಊರನ್ನು ನೆನೆದು ಇನ್ನಷ್ಟು ಕೊರಗುತ್ತೇವೆ. ಕಾರವಾರದವರಿಗೆ ಬೈತಖೋಲದ ಬಂದರನ್ನು ನೆನಪಿಸಿದೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಬಲೆ ರಿಪೇರಿಗೆ ಅದೇ ಕಾಲ. ಅವರು ನಕ್ಕು, "ನಮ್ಮಪ್ಪ ಆಗ ಇಸ್ಪೀಟಾಡುತ್ತಿದ್ದರು" ಎಂದರು. ಅದೂ ಆಗಬಹುದು.

ಫೋನಿನ ಹೊತ್ತನ್ನು ನಾನು ಬೆಳಗಿನ ಆರೂವರೆಗೆ ಬದಲಾಯಿಸಿಕೊಂಡೆ. ಊರಿನಲ್ಲಿ ಆಗ ಹನ್ನೊಂದು, ಆಯಿ ಮೆಟ್ಟುಗತ್ತಿಯ ಮುಂದೆ ಕೂತು ಕಾಯಿ ತುರಿಯುವ ಹೊತ್ತು. ಮಾತಿಲ್ಲದಿದ್ದರೂ ತುರಿಯುವ ಸದ್ದು ಕೇಳುತ್ತದೆ.

ಸಾಮಾನು ಕಟ್ಟುವಾಗ ತೆಂಗಿನಕಾಯಿ ಇಟ್ಟುಕೊಳ್ಳಿ, ಅದಕ್ಕೆ ಅಲ್ಲಿ ತಡೆಯಿಲ್ಲ. ಜೇನು ತಲೆಗೆ 2 ಕಿಲೋವರೆಗೆ ಆಗುತ್ತದೆ. ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲೇ ಸೇರಿತು. ಕುಮಟಾದ ಹುಡುಗನ ಮುಖ ಬಾಡಿತು: "ಅಮ್ಮ ಈಗಾಗಲೇ ಎರಡು ಡಬ್ಬಿ ಕಾಸಿಟ್ಟಿದ್ದಾಳೆ." ಹೊರಡಲು ಇನ್ನೂ ಮೂರು ವಾರವಿದೆ, ಇಲ್ಲೇ ತಿಂದು ಮುಗಿಸು ಎಂದೆ.