ಘಾಟಿ ತಿರುವುಗಳಿಗಾಗಿ ಹಳೆ ಸ್ವಿಫ್ಟ್‌ನ ಸಸ್ಪೆನ್ಶನ್ ಕೆಲಸ

ಸಸ್ಪೆನ್ಶನ್ ಅಪ್‌ಗ್ರೇಡ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಲೋವರಿಂಗ್ ಸ್ಪ್ರಿಂಗ್, ಅಂದರೆ ಗಾಡಿಯನ್ನು ನೆಲದ ಕಡೆಗೆ ತಗ್ಗಿಸುವ ಸ್ಪ್ರಿಂಗ್. ನಾನು ಅದರ ತಂಟೆಗೇ ಹೋಗಲಿಲ್ಲ. ಮೊದಲ ತಲೆಮಾರಿನ ಸ್ವಿಫ್ಟ್‌ಗೆ ಇರುವುದೇ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಅದರಲ್ಲೂ 30 ಕಳೆದರೆ ನಮ್ಮ ಹಂಪ್‌ಗಳ ಮೇಲೆ ಗಾಡಿಯ ಹೊಟ್ಟೆ ಉಜ್ಜುವುದು ಖಂಡಿತ. ನನಗೆ ಬೇಕಿದ್ದದ್ದು ಇಷ್ಟೇ: ಚಾರ್ಮಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಗಾಡಿ ಮಾತು ಕೇಳಬೇಕು.

ಶುರು ಮಾಡಿದ್ದು ರಬ್ಬರ್‌ನಿಂದ. ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಬುಷ್‌ಗಳು, ಅಂದರೆ ಕೀಲಿನ ರಬ್ಬರ್‌ಗಳು, ಬಿರುಕು ಬಿಟ್ಟಿದ್ದವು. ಬುಷ್ ಸಡಿಲವಾದರೆ ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಭಾರ ಬಿದ್ದಾಗ ಚಕ್ರದ ದಿಕ್ಕೇ ಅಷ್ಟಿಷ್ಟು ಬದಲಾಗುತ್ತದೆ. ಎಂಥ ದುಬಾರಿ ಶಾಕ್ಸ್ (ಶಾಕ್ ಅಬ್ಸಾರ್ಬರ್) ಹಾಕಿದರೂ ಅದು ಸರಿಹೋಗದು. ಲಿಂಕ್ ರಾಡ್, ಸ್ಟ್ರಟ್ ಮೌಂಟ್‌ಗಳನ್ನೂ ಜೊತೆಗೇ ಬದಲಿಸಿದೆ. ಒಂದು ವಿಷಯದಲ್ಲಿ ಮಾತ್ರ ಮೆಕ್ಯಾನಿಕ್ ಹತ್ತಿರ ಹಟ ಹಿಡಿದೆ: ಆರ್ಮ್ ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಕೊನೆಯ ಬಿಗಿ ಮಾಡಬೇಕು. ಲಿಫ್ಟ್ ಮೇಲೆ ಚಕ್ರ ನೇತಾಡುವಾಗ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ಶಾಕ್ಸ್. ಕಂಪನಿ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಂಡು, ಸ್ವಲ್ಪ ಬಿಗಿಯಾದ ಗ್ಯಾಸ್ ಶಾಕ್ಸ್ ನಾಲ್ಕಕ್ಕೂ ಹಾಕಿಸಿದೆ. ಉದ್ದನೆಯ ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೆ ಎನ್ನುವುದು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್ (ಎಡ-ಬಲ ಚಕ್ರಗಳ ನಡುವೆ ಇದ್ದು ವಾಲುವಿಕೆ ತಡೆಯುವ ಸರಳು) ಕೈಲಿದೆ; ಎಷ್ಟು ಬೇಗ ವಾಲುತ್ತದೆ ಎನ್ನುವುದು ಶಾಕ್ಸ್ ಕೈಲಿ. ಎಡಕ್ಕೆ ತಿರುಗಿ ಮರುಕ್ಷಣ ಬಲಕ್ಕೆ ಹೊರಳುವ ಘಾಟಿಯಲ್ಲಿ ಈ ಎರಡನೆಯದೇ ದೊಡ್ಡದು. ಮುಂದಿನ ಸ್ಟ್ರಟ್ (ಶಾಕ್ಸ್, ಸ್ಪ್ರಿಂಗ್ ಎರಡೂ ಒಂದಾಗಿರುವ ಜೋಡಣೆ) ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಲೇಬಾರದು, ಅದುಮಿದ ಸ್ಪ್ರಿಂಗ್ ಸಿಡಿದರೆ ಮುಖ ಉಳಿಯದು. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ), ಶಾಕ್ಸ್ ಬೇರೆ, ಸ್ಪ್ರಿಂಗ್ ಬೇರೆ, ಕೆಲಸ ಸಲೀಸು.

ಮುಂದೆ ದಪ್ಪನೆಯ ಆಂಟಿ ರೋಲ್ ಬಾರ್ ಹಾಕಿಸು ಎಂದವರಿದ್ದರು. ಬೇಡವೆಂದೆ. ಫ್ರಂಟ್ ವೀಲ್ ಡ್ರೈವ್ ಗಾಡಿ ಮೊದಲೇ ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ, ಮುಂದಿನ ಬಾರ್ ದಪ್ಪವಾದಷ್ಟೂ ಆ ಚಾಳಿ ಹೆಚ್ಚು.

165/80 ಟೈರ್ ತೆಗೆದು 185/70 ಹಾಕಿಸಿದೆ; ಮೊದಲ ಅಂಕಿ ಟೈರ್‌ನ ಅಗಲ ಮಿ.ಮೀ.ಗಳಲ್ಲಿ, ಎರಡನೆಯದು ಅದರ ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. ರಿಮ್ ಅದೇ 14 ಇಂಚು. ಟೈರ್ ಎತ್ತರದಲ್ಲಿ ಸುಮಾರು 5 ಮಿ.ಮೀ. ವ್ಯತ್ಯಾಸ, ಸ್ಪೀಡೋಮೀಟರ್ ಲೆಕ್ಕ ಕೆಡುವುದಿಲ್ಲ. ಕೊನೆಗೆ ಅಲೈನ್‌ಮೆಂಟ್, ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸೊನ್ನೆಯ ಆಸುಪಾಸು.

ಈಗ ಕೊಟ್ಟಿಗೆಹಾರದಿಂದ ಇಳಿಯುವಾಗ ತಿರುವಿನ ಮಧ್ಯೆ ಸ್ಟೇರಿಂಗ್ ತಿದ್ದುವ ಕೆಲಸ ಬಹಳ ಕಡಿಮೆ. ಊರೊಳಗಿನ ಗುಂಡಿಗಳಲ್ಲಿ ಮಾತ್ರ ಗಾಡಿ ಮೊದಲಿಗಿಂತ ಗಡುಸು. ಹಿಂದಿನ ಸೀಟಿನಿಂದ ಅಮ್ಮನ ಬೈಗುಳ ಬರುತ್ತಲೇ ಇರುತ್ತದೆ.